ಬೋರ್ಡು ಬದಲಾಯ್ತು, ಬ್ಯಾಂಕು?

ಹಾವೇರಿ ರೈತನ ಹಳೇ ಪಾಸ್‌ಬುಕ್ಕುಗಳನ್ನ ಸಾಲಾಗಿ ಇಟ್ಟು ನೋಡಿ, ಅದೇ ಒಂದು ಇತಿಹಾಸ. 2005ರಲ್ಲಿ ಮಲಪ್ರಭಾ, ವರದಾ, ನೇತ್ರಾವತಿ, ಬಿಜಾಪುರ ಗ್ರಾಮೀಣ ಬ್ಯಾಂಕುಗಳು ಸೇರಿ ಧಾರವಾಡದಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯ್ತು. ಒಳ್ಳೆ ಹೆಸರುಗಳು, ಹೋದವು. 2025ರ ಮೇ 1ರಂದು ‘ಒಂದು ರಾಜ್ಯ, ಒಂದು ಗ್ರಾಮೀಣ ಬ್ಯಾಂಕ್’ ಅಂತ ಅದನ್ನೂ ವಿಲೀನ ಮಾಡಿದ್ರು. ಮುಖ್ಯ ಕಚೇರಿ ಬಳ್ಳಾರಿ!

ಬೋರ್ಡು ಬದಲಿಸೋಕೆ ಒಂದು ದಿನ ಸಾಕು ಸ್ವಾಮಿ. ಎರಡು ಕಂಪ್ಯೂಟರ್ ವ್ಯವಸ್ಥೆ, ಎರಡು ಕಡೆಯ ಸೀನಿಯಾರಿಟಿ, ಬಡ್ತಿ, ವರ್ಗಾವಣೆ ಒಂದಾಗಬೇಕಲ್ಲ? ಅದೂ ಮುಂಗಾರು ಬಾಗಿಲಿಗೆ ಬಂದಾಗ. ಬ್ಯಾಡಗಿ ಮೆಣಸಿನಕಾಯಿ ಬೆಳೆಯೋನಿಗೆ ಆಡಳಿತ ಮಂಡಳಿ ಯಾವೂರಲ್ಲಿದ್ರೇನು? ಬಿತ್ತನೆಗೆ ಮೊದಲು ಸಾಲ ಕೈಗೆ ಬರಬೇಕು. ಅವನ ಹೊಲ ನೋಡಿ ಗೊತ್ತಿದ್ದ ಮ್ಯಾನೇಜರು ವರ್ಗವಾದ್ರೆ, ಆ ಪರಿಚಯ ಯಾವ ಫೈಲಿನಲ್ಲಿ ಬಳ್ಳಾರಿಗೆ ಹೋಗುತ್ತೆ?