ಗ್ರೇಟ್ ನಿಕೋಬಾರ್ ಕ್ರೇಕ್

ರಾಲಿಡೇ ಕುಟುಂಬದ ರಾಲಿನಾ ಕುಲಕ್ಕೆ ಸೇರಿದ ಹಕ್ಕಿ. ಭಾರತದ ದಕ್ಷಿಣದಂಚಿನ ಗ್ರೇಟ್ ನಿಕೋಬಾರ್ ದ್ವೀಪದಲ್ಲಿ 2011ರ ನವೆಂಬರ್‌ನಲ್ಲಿ ಕ್ಯಾಮೆರಾಕ್ಕೆ ಸಿಕ್ಕಿತು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಎಸ್. ರಾಜೇಶ್‌ಕುಮಾರ್ ಮತ್ತು ಸಿ. ರಘುನಾಥನ್, ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಜತೆಗೂಡಿ 2012ರಲ್ಲಿ ಬರೆದ ಲೇಖನದಲ್ಲಿ ಇದು ಹೊಸ ಪ್ರಭೇದವಿರಬಹುದು ಎಂದರು. ಬರೀ ಫೋಟೊ ನಂಬಿ ಅವರು ವೈಜ್ಞಾನಿಕ ಹೆಸರಿಡಲಿಲ್ಲ. ಅದು ಸರಿಯಾದ ಎಚ್ಚರಿಕೆಯೇ.

ನಿಟ್ಟುವಳ್ಳಿ, ಹರಿಹರದ ಕಡೆಯವರಿಗೆ ಈ ಕುಟುಂಬ ಹೊಸದಲ್ಲ. ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳಲ್ಲಿ, ಕೆರೆಯಂಚಿನ ಜೊಂಡಿನಲ್ಲಿ ಸುಳಿದಾಡುವ ಹುಂಡುಕೋಳಿ ಇದರ ನೆಂಟ. ಬಿಳಿ ಮುಖ, ಬಿಳಿ ಎದೆ. ನಡೆಯುತ್ತ ಮೋಟು ಬಾಲವನ್ನು ಮೇಲಕ್ಕೆ ಕುಣಿಸಿದಾಗ ಅಡಿಯ ಇಟ್ಟಿಗೆ ಬಣ್ಣ ಮಿಂಚುತ್ತದೆ. ಹೆಜ್ಜೆ ಸದ್ದಾದರೆ ಸಾಕು, ಇಬ್ಬದಿ ಒತ್ತಿದಂತಿರುವ ಕಿರಿದಾದ ಮೈ ಜೊಂಡಿನ ಸಂದಿಯಲ್ಲಿ ಮಾಯ. ಮಳೆಗಾಲದಲ್ಲಿ ಮಾತ್ರ ಅದರ ಗದ್ದಲ ತಡೆಯಲಾಗದು.

ಗ್ರೇಟ್ ನಿಕೋಬಾರ್ ಕ್ರೇಕ್‌ಗೆ ಹತ್ತಿರದ ಇನ್ನೊಂದು ದ್ವೀಪವಾಸಿ ಅಂಡಮಾನ್ ಕ್ರೇಕ್. 1863ರಲ್ಲಿ ಎಡ್ವರ್ಡ್ ಬ್ಲೈತ್ ವರ್ಣಿಸಿದ ಈ ಕಂದುಗೆಂಪು ಹಕ್ಕಿಗೆ ಹಸಿರು ಕೊಕ್ಕು, ಹೊಟ್ಟೆಯ ಮೇಲೆ ಕಪ್ಪು-ಬಿಳಿ ಪಟ್ಟೆ.

ಗ್ರೇಟ್ ನಿಕೋಬಾರ್‌ನ ಬಹುಭಾಗ 1989ರಿಂದ ಜೀವಗೋಳ ಮೀಸಲು ಪ್ರದೇಶ. ಆದರೂ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಮತ್ತು ಹೊಸ ಪಟ್ಟಣಕ್ಕೆಂದು ಸುಮಾರು 130 ಚದರ ಕಿ.ಮೀ. ಕಾಡು ಬಿಟ್ಟುಕೊಡಲು 2022ರಲ್ಲಿ ತಾತ್ವಿಕ ಒಪ್ಪಿಗೆ ದೊರೆಯಿತು. ಬದಲಿಗೆ ಹರಿಯಾಣದಲ್ಲಿ ಗಿಡ ನೆಡುವ ಪ್ರಸ್ತಾವವಿದೆ. ಆ ಗಿಡಗಳಿಂದ ಗ್ರೇಟ್ ನಿಕೋಬಾರ್ ಕ್ರೇಕ್‌ಗೆ ಯಾವ ಪ್ರಯೋಜನವೂ ಇಲ್ಲ.