ಸಣ್ಣ ಹಿಡುವಳಿದಾರರ ತೊಗರಿ ಮಾರಾಟ: ಒಕ್ಕಣೆಯಿಂದ ಲೆಕ್ಕಪಟ್ಟಿಯವರೆಗೆ

ಕಲಬುರಗಿ, ಬೀದರ, ಯಾದಗಿರಿ ಹಾಗೂ ವಿಜಯಪುರ ಜಿಲ್ಲೆಗಳ ಮಳೆಯಾಶ್ರಿತ ಕಪ್ಪು ಭೂಮಿಯಲ್ಲಿ ತೊಗರಿಯು ಪ್ರಮುಖ ವಾಣಿಜ್ಯ ಬೆಳೆಯಾಗಿದೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಆದರೆ ಐದು ಎಕರೆಯೊಳಗಿನ ಹಿಡುವಳಿಯ ರೈತನು ಬೆಳೆದು ಗಳಿಸಿದ್ದನ್ನು ಮಾರುವ ವಾರದಲ್ಲಿ ಕಳೆದುಕೊಳ್ಳುವುದು ಸಾಮಾನ್ಯ. ಡಿಸೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ಎಲ್ಲರ ಕಾಳೂ ಒಮ್ಮೆಲೇ ಮಾರುಕಟ್ಟೆಗೆ ಬರುತ್ತದೆ. ಬೀಜ, ಗೊಬ್ಬರಕ್ಕೆಂದು ತಂದ ಸಾಲದ ವಾಯಿದೆಯೂ ಅದೇ ಸಮಯಕ್ಕೆ ಮುಗಿಯುತ್ತದೆ.

ತೇವಾಂಶ ಮತ್ತು ತೂಕದ ಲೆಕ್ಕ

ಬೆಂಬಲ ಬೆಲೆಯ ಖರೀದಿ ಕೇಂದ್ರಗಳಲ್ಲಿ ತೊಗರಿಯ ತೇವಾಂಶವು ಶೇ. 12ನ್ನು ಮೀರಿರಬಾರದು. ಯಂತ್ರದಿಂದ ಒಕ್ಕಣೆ ಮಾಡಿದ ಕಾಳನ್ನು ಅಂದೇ ಚೀಲಕ್ಕೆ ತುಂಬದೆ, ತಾಡಪತ್ರಿಯ ಮೇಲೆ ತೆಳುವಾಗಿ ಹರಡಿ ಎರಡು ಮೂರು ಬಿಸಿಲು ಒಣಗಿಸಬೇಕು. ಚೆನ್ನಾಗಿ ಒಣಗಿದ ಕಾಳು ಹಲ್ಲಿನಡಿ ಕಟ್ಟೆಂದು ಒಡೆಯುತ್ತದೆ, ಹಸಿಯಾದುದು ಜಜ್ಜಿಹೋಗುತ್ತದೆ.

ಒಣಗಿಸಿದರೆ ತೂಕ ಹೋಗುವುದಲ್ಲವೇ ಎಂಬ ರೈತರ ಪ್ರಶ್ನೆ ನ್ಯಾಯವಾದುದೇ. ಶೇ. 14 ತೇವಾಂಶದ ಒಂದು ಕ್ವಿಂಟಲ್ ಕಾಳನ್ನು ಶೇ. 11ಕ್ಕೆ ಇಳಿಸಿದಾಗ ಸುಮಾರು 96.6 ಕೆ.ಜಿ. ಉಳಿಯುತ್ತದೆ. ಹಸಿ ಕಾಳಿಗೆ ಕ್ವಿಂಟಲ್‌ಗೆ 7,000 ರೂ. ಸಿಗುತ್ತಿದ್ದರೆ, ಒಣಗಿದ ಕಾಳಿಗೆ ಸುಮಾರು 7,245 ರೂ. ದೊರೆತಾಗ ಲೆಕ್ಕ ಸರಿಹೋಗುತ್ತದೆ. ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ಒಣಗಿಸಿದ ಶ್ರಮಕ್ಕೆ ಫಲವುಂಟು. ಕಾಳನ್ನು ದಾಸ್ತಾನು ಮಾಡುವವರಿಗಂತೂ ಈ ಆಯ್ಕೆಯೇ ಇಲ್ಲ. ಹಸಿ ಕಾಳಿಗೆ ಬೂಷ್ಟು ಹಿಡಿಯುತ್ತದೆ, ಕಾಳು ಕೊರಕದ ಬಾಧೆಯೂ ಬೇಗ ಹರಡುತ್ತದೆ.

ಜರಡಿ ಹಿಡಿದು ಮಣ್ಣು, ಕಡ್ಡಿ, ಸುಕ್ಕುಗಟ್ಟಿದ ಕಾಳುಗಳನ್ನು ಬೇರ್ಪಡಿಸಬೇಕು. ಬೇರೆ ಬೇರೆ ತಳಿಯ ಕಾಳನ್ನು ಬೆರೆಸಬಾರದು. ಒಂದು ಚೀಲದ ಕಳಪೆ ಕಾಳು ಇಡೀ ರಾಶಿಯ ಬೆಲೆಯನ್ನು ತಗ್ಗಿಸುತ್ತದೆ.

ಮಾರುಕಟ್ಟೆ ಪ್ರಾಂಗಣದಲ್ಲಿ

ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ದಲ್ಲಾಳಿಯ ಕಮಿಷನ್ ಕೊಡಬೇಕಾದವನು ಖರೀದಿದಾರನೇ ಹೊರತು ರೈತನಲ್ಲ. ಮಾದರಿಗೆಂದು ಹಿಡಿಗಟ್ಟಲೆ ಕಾಳು ತೆಗೆದುಕೊಳ್ಳುವುದಕ್ಕಾಗಲಿ, ತೂಕದಲ್ಲಿ ‘ಸೂಟು’ ಹಿಡಿಯುವುದಕ್ಕಾಗಲಿ ಅವಕಾಶವಿಲ್ಲ. ಇ-ಟೆಂಡರ್‌ನಲ್ಲಿ ಬಂದ ದರ ಒಪ್ಪಿಗೆಯಾಗದಿದ್ದರೆ ಮಾರಾಟವನ್ನು ನಿರಾಕರಿಸುವ ಹಕ್ಕು ರೈತನಿಗಿದೆ. ತೂಕವಾದ ಮೇಲೆ ಅಧಿಕೃತ ಲೆಕ್ಕಪಟ್ಟಿಯನ್ನು ಕೇಳಿ ಪಡೆಯಬೇಕು. ಬಿಳಿ ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕವನ್ನು ಹಿಡಿದು, ಹಣ ಬಾರದಿದ್ದಾಗ ಸಮಿತಿಗೆ ದೂರು ನೀಡುವುದು ಬಹಳ ಕಷ್ಟ.

ಇವೆಲ್ಲವೂ ರೈತರಿಗೆ ತಿಳಿಯದ ಸಂಗತಿಗಳೇನಲ್ಲ. ಮುಂಗಡ ಪಡೆದ ಅಂಗಡಿಯಲ್ಲಿ ನಿಂತು ಇದನ್ನು ಕೇಳಲು ಬಾಯಿ ಬರುವುದಿಲ್ಲ, ಅಷ್ಟೇ. ಆದುದರಿಂದ ವಿಸ್ತರಣಾ ಕಾರ್ಯಕರ್ತರು ಜನವರಿಯಲ್ಲಿ ದರದ ಮಾಹಿತಿ ನೀಡುವುದಕ್ಕಿಂತ, ಮೇ ತಿಂಗಳಲ್ಲಿಯೇ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಿಂದ ಬೆಳೆ ಸಾಲ ಕೊಡಿಸಲು ನೆರವಾಗುವುದು ಹೆಚ್ಚು ಉಪಯುಕ್ತ. ಎಲ್ಲಿ ಮಾರಬೇಕೆಂಬ ನಿರ್ಧಾರವು ಬಿತ್ತನೆಯ ಸಾಲ ಎಲ್ಲಿಂದ ಬಂತೆಂಬುದರ ಮೇಲೆಯೇ ನಿಂತಿರುತ್ತದೆ.

ಬೆಂಬಲ ಬೆಲೆ

2025-26ನೇ ಸಾಲಿಗೆ ಕೇಂದ್ರ ಸರ್ಕಾರವು ತೊಗರಿಗೆ ಕ್ವಿಂಟಲ್‌ಗೆ 8,000 ರೂ. ಬೆಂಬಲ ಬೆಲೆ ಘೋಷಿಸಿದೆ. ಹಿಂದಿನ ಸಾಲಿನಲ್ಲಿ ಅದು 7,550 ರೂ. ಇತ್ತು. ಈ ದರದಲ್ಲಿ ಮಾರಲು ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು, ಬೆಳೆ ಸಮೀಕ್ಷೆಯಲ್ಲಿ ತೊಗರಿ ಎಂದೇ ದಾಖಲಾಗಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಸಮೀಕ್ಷೆಯಲ್ಲಿ ಬೇರೆ ಬೆಳೆ ನಮೂದಾಗಿದ್ದರೆ ಕೊಯ್ಲಿಗೆ ಮುನ್ನವೇ ಆಕ್ಷೇಪಣೆ ಸಲ್ಲಿಸಬೇಕು. ನೋಂದಣಿಯ ದಿನ ಸರತಿಯಲ್ಲಿ ನಿಂತಾಗ ತಿಳಿದರೆ ಪ್ರಯೋಜನವಿಲ್ಲ. ಎಕರೆಗೆ ಇಷ್ಟು, ಒಬ್ಬ ರೈತನಿಗೆ ಇಷ್ಟು ಎಂಬ ಮಿತಿಯು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಲಾವಣಿಗೆ ಹೊಲ ಮಾಡಿದವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಬೆಳೆದವನು ಒಬ್ಬ, ನೋಂದಣಿ ಇನ್ನೊಬ್ಬನ ಹೆಸರಿನಲ್ಲಿ ಎಂಬಂತಾಗುತ್ತದೆ. ಜಮೀನಿನ ಮಾಲೀಕರೊಂದಿಗೆ ಈ ಬಗ್ಗೆ ಬಿತ್ತನೆಗೆ ಮೊದಲೇ ಮಾತನಾಡಿ, ಹಿರಿಯರ ಸಮ್ಮುಖದಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು.

ಕಾಯ್ದಿಡಬೇಕೆ, ಮಾರಬೇಕೆ

ಹತ್ತು ಕ್ವಿಂಟಲ್ ಕಾಳಿದೆ, ದರ 7,000 ರೂ. ಇದೆ, ಮನೆಗೆ ತುರ್ತಾಗಿ 42,000 ರೂ. ಬೇಕಾಗಿದೆ ಎಂದು ಭಾವಿಸೋಣ. ನೋಂದಾಯಿತ ಉಗ್ರಾಣದಲ್ಲಿ ದಾಸ್ತಾನಿಟ್ಟು, ಅದರ ವಿದ್ಯುನ್ಮಾನ ರಸೀದಿಯ ಮೇಲೆ ಬ್ಯಾಂಕಿನಿಂದ ಸಾಲ ಪಡೆಯಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ಹಾಗೂ ಅತಿಸಣ್ಣ ರೈತರಿಗೆ ಕೊಯ್ಲಿನ ನಂತರ ಆರು ತಿಂಗಳವರೆಗೆ ಇಂತಹ ಸಾಲಕ್ಕೆ ಬಡ್ಡಿ ರಿಯಾಯಿತಿ ಇದೆ. ಶೇ. 7ರಂತೆ ಮೂರು ತಿಂಗಳ ಬಡ್ಡಿ 735 ರೂ. 50 ಕೆ.ಜಿ. ಚೀಲಕ್ಕೆ ತಿಂಗಳಿಗೆ 10 ರೂ. ಬಾಡಿಗೆ ಎಂದು ಹಿಡಿದರೆ ಇಪ್ಪತ್ತು ಚೀಲಕ್ಕೆ 600 ರೂ. ಒಟ್ಟು ಕ್ವಿಂಟಲ್‌ಗೆ ಸುಮಾರು 134 ರೂ. ಖರ್ಚು. ಸಾಗಣೆ, ಹಮಾಲಿ ಸೇರಿಸಿದರೂ ದರ 300 ರೂ. ಏರಿದಾಗ ಏನಾದರೂ ಉಳಿಯಬಹುದು.

ಅದೇ 42,000 ರೂ.ಗಳನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದು ಕಾಳನ್ನು ಕಾಯ್ದಿಟ್ಟರೆ, ಮೂರು ತಿಂಗಳ ಬಡ್ಡಿಯೇ 3,780 ರೂ. ಬಾಡಿಗೆಯೂ ಸೇರಿ ಕ್ವಿಂಟಲ್‌ಗೆ 438 ರೂ. ಹೊರೆ ಬೀಳುತ್ತದೆ. ಇಂತಹ ಸ್ಥಿತಿಯಲ್ಲಿ ಕೈಸಾಲ ತೀರುವಷ್ಟು ಕಾಳನ್ನು ಕೂಡಲೇ ಮಾರಿ, ಉಳಿದುದನ್ನು ಮಾತ್ರ ಇಟ್ಟುಕೊಳ್ಳುವುದು ಕ್ಷೇಮ.

ದರ ಏರಿಯೇ ತೀರುವುದೆಂಬ ಖಾತ್ರಿಯೂ ಇಲ್ಲ. ಮ್ಯಾನ್ಮಾರ್ ಹಾಗೂ ಮೊಜಾಂಬಿಕ್‌ನಂತಹ ದೇಶಗಳಿಂದ ತೊಗರಿ ಆಮದಾಗುತ್ತದೆ. ಆಫ್ರಿಕಾದ ಹೊಸ ಫಸಲು ಆಗಸ್ಟ್–ಸೆಪ್ಟೆಂಬರ್ ಸುಮಾರಿಗೆ ಬಂದರುಗಳನ್ನು ತಲುಪಲಾರಂಭಿಸುತ್ತದೆ. ಆದುದರಿಂದ ದಾಸ್ತಾನನ್ನು ಜುಲೈ ದಾಟಿಸದೆ, ಎರಡು ಮೂರು ಕಂತುಗಳಲ್ಲಿ ಮಾರಿ ಮುಗಿಸಬೇಕು. ಮುಂದಿನ ಬಿತ್ತನೆಗೆ ಬೇಕಾದ ಬೀಜವನ್ನು ಮೊದಲ ಕಂತು ಮಾರುವ ಮುನ್ನವೇ ಬೇರೆ ಚೀಲದಲ್ಲಿ ತೆಗೆದಿಡತಕ್ಕದ್ದು.