ಚತುರ್ದಶಿಯ ಎಲೆ

ಭಾದ್ರಪದದ ಕೃಷ್ಣಪಕ್ಷದಲ್ಲಿ, ಮಳೆಯ ರಭಸ ಇಳಿದು ಗಿಡದ ಮೇಲಿನ ಕಾಫಿಕಾಯಿ ಇನ್ನೂ ಹಸುರಾಗಿಯೇ ಇರುವ ದಿನಗಳಲ್ಲಿ, ಕಳಸದ ಸೀಮೆಯ ನಮ್ಮ ಮನೆಯಲ್ಲಿ ಪಿತೃಕಾರ್ಯವು ಎರಡು ದಿನ ನಡೆಯುತ್ತಿತ್ತು. ಅಮಾವಾಸ್ಯೆಯದು ಹಿರಿಯರೆಲ್ಲರಿಗೆ, ಅದರ ಹಿಂದಿನ ಚತುರ್ದಶಿಯದು ಒಬ್ಬರಿಗೆ ಮಾತ್ರ. ಆ ಒಬ್ಬರು ಯಾರೆಂದು ಬಾಲ್ಯದಲ್ಲಿ ನಾನು ಕೇಳಿದಾಗ ಅಜ್ಜಿ, "ನಿನ್ನ ದೊಡ್ಡಜ್ಜ ಕಣೋ, ಘಟ್ಟದ ಕೆಳಗೆ ಹೋದೋರು ಮತ್ತೆ ಬರ್ಲಿಲ್ಲ" ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದ್ದರು. ಅಜ್ಜನ ಅಣ್ಣನಾದ ಆ ಅವಿವಾಹಿತನ ವಿಷಯದಲ್ಲಿ ಆಗ ನನ್ನ ಕಿವಿಗೆ ಬಿದ್ದ ಮಾತು ಅಷ್ಟೇ ಆಗಿತ್ತು.

ಘಾತಚತುರ್ದಶಿಯ ಅರ್ಥವೇನೆಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ತರುವಾಯ. ಮೃತತಿಥಿ ತಿಳಿಯದವರಿಗೆ ಅಮಾವಾಸ್ಯೆಯೇ ಸಾಕೆಂಬುದು ರೂಢಿ. ಚತುರ್ದಶಿಯಾದರೋ ಶಸ್ತ್ರದಿಂದ, ಅಗ್ನಿಯಿಂದ, ಜಲದಿಂದ, ಎತ್ತರದಿಂದ ಬಿದ್ದುದರಿಂದ, ಒಟ್ಟಿನಲ್ಲಿ ಅಪಮೃತ್ಯುವಿನಿಂದ ಗತಿಸಿದವರಿಗೆಂದೇ ಮೀಸಲಾದ ತಿಥಿ. ಕೇವಲ ಕಾಣೆಯಾದವನಿಗೆ ಆ ದಿನ ಎಲೆ ಹಾಕುವ ಕಾರಣವಿಲ್ಲ. ಆದುದರಿಂದ ನಮ್ಮ ಮನೆಯಲ್ಲಿ ಯಾರೋ ಒಬ್ಬರಿಗೆ, ಆತನು ಸತ್ತನೆಂಬುದು ಮಾತ್ರವಲ್ಲದೆ ಹೇಗೆ ಸತ್ತನೆಂಬುದೂ ತಿಳಿದಿದ್ದಿರಬೇಕು.

ನಮ್ಮ ಕಡೆಯ ದುರ್ಮರಣಗಳನ್ನು ಕಡತಗಳಲ್ಲಿ ಹುಡುಕಹೊರಟವನಿಗೆ ಮೊದಲು ಮನದಟ್ಟಾಗುವ ಸಂಗತಿಯೊಂದುಂಟು: ಬೆಟ್ಟದ ಮೇಲಿನ ಸಾವು ಅಪಘಾತವೆಂಬ ಹೆಸರನ್ನೇ ಪಡೆಯುತ್ತಿರಲಿಲ್ಲ. ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯ ಕೆಲಸದಲ್ಲಿ ಏಣಿಯ ಮೇಲಿನ ಏಣಿಯಷ್ಟು ಎತ್ತರದಿಂದ ಜಾರಿ ಬಿದ್ದವನನ್ನು ಕುರಿತು ಜನರು "ಮರದಿಂದ ಬಿದ್ದು ಹೋದ" ಎನ್ನುತ್ತಿದ್ದರು. ಪಟೇಲನ ಜನನ ಮರಣದ ರಿಜಿಸ್ಟರಿನಲ್ಲಿ ಕಾಲರಾ, ಸಿಡುಬು, ಜ್ವರಗಳ ಸಾಲಿನ ತುದಿಯಲ್ಲಿ ಗಾಯವೆಂಬ ಕಲಮಿಗೆ ಒಂದು ಗೀಟು ಬೀಳುತ್ತಿತ್ತು. ತೋಟದ ರೈಟರನ ಚೆಕ್‌ರೋಲಿನಲ್ಲಿ ಮಾರನೆಯ ದಿನದ ಹಾಜರಿ ಖಾಲಿಯಾಗುತ್ತಿತ್ತು. ಮೇಸ್ತ್ರಿಯಿಂದ ಮುಂಗಡ ಪಡೆದು ತುಳುನಾಡಿನಿಂದ ಘಟ್ಟ ಹತ್ತಿ ಬಂದವನು ಸತ್ತರಂತೂ ಸುದ್ದಿಗಿಂತ ಮೊದಲು ಉಳಿಕೆ ಮುಂಗಡದ ಲೆಕ್ಕವೇ ಅವನ ಊರನ್ನು ಮುಟ್ಟಿದ್ದರೆ ಆಶ್ಚರ್ಯವಿಲ್ಲ. ನಾನು ಕೆಳಗೆ ನೋಡಿ ಹುಡುಕುತ್ತಿರುವಾಗ, ಬೆಳ್ತಂಗಡಿ ಬಂಟ್ವಾಳಗಳ ಎಷ್ಟು ಮನೆಗಳು ಆಟಿ ತಿಂಗಳಲ್ಲಿ ತಮ್ಮ ಸತ್ತವರ ಕುಲೆಗಳಿಗೆ ಬಡಿಸುತ್ತ ಮೇಲೆ, ನಮ್ಮ ಮೂಡಿಗೆರೆಯ ಕಡೆ, ನೋಡುತ್ತಿದ್ದುವೋ!

ಕಬ್ಬಿಣದ ಬಳಿ ಸತ್ತವರ ಸಂಗತಿ ತುಸು ಬೇರೆ. 1897ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ 52 ಜನರೂ, ಅದೇ ಕಾಲಕ್ಕೆ ಬಲೂಚಿಸ್ಥಾನದ ಖೋಸ್ಟ್ ಕಲ್ಲಿದ್ದಲ ಗಣಿಯಲ್ಲಿ 47 ಜನರೂ ಮಡಿದುದರ ಫಲವಾಗಿಯೇ 1901ರ ಗಣಿ ಕಾಯಿದೆ ಬೇಗನೆ ಹುಟ್ಟಿಕೊಂಡಿತೆಂಬುದು ಇತಿಹಾಸ. ನಮ್ಮ ಸೀಮೆಯ ಹಳೆಯ ಪ್ಲಾಂಟರನಾದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಶೀರ್ಷಿಕೆಯಲ್ಲಿಯೇ ಚಿನ್ನ, ಬೇಟೆ, ಕಾಫಿ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಹಣ ಹೂಡುವವನ ಕಣ್ಣಿಗೆ ಮೈಸೂರು ಸೀಮೆ ಹಾಗೆ ಕಂಡಿತ್ತು.

ದೊಡ್ಡಜ್ಜ ಹೋದದ್ದು ಗಣಿಗಲ್ಲ. ಕಾಫಿಯ ಹಿಂದೆ ಹೋದನು. ಬೆಟ್ಟದ ಮೇಲೆ ಪಲ್ಪರಿನಲ್ಲಿ ಹಣ್ಣಿನ ಸಿಪ್ಪೆ ಕಳೆದು, ತೊಳೆದು, ಕಣದಲ್ಲಿ ಆರಿಸಿದ ಪಾರ್ಚ್‌ಮೆಂಟನ್ನು ಎತ್ತಿನ ಗಾಡಿಗಳಲ್ಲಿ ಹೇರಿ, ಕೊಟ್ಟಿಗೆಹಾರದ ಮಾರ್ಗವಾಗಿ ಚಾರ್ಮಾಡಿ ಘಾಟಿಯನ್ನಿಳಿದು ಮಂಗಳೂರಿಗೆ ಮುಟ್ಟಿಸುವುದು ಅಂದಿನ ಕ್ರಮ. ಅಲ್ಲಿನ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಕರಾವಳಿಯ ಬಿಸಿಲಿಗೆ ಅದು ಮತ್ತೊಮ್ಮೆ ಒಣಗಿ, ಯಂತ್ರಗಳಲ್ಲಿ ಹೊಟ್ಟು ಕಳಚಿಕೊಂಡು, ಗಾತ್ರಕ್ಕೆ ತಕ್ಕಂತೆ ಬೇರ್ಪಟ್ಟು, ಹೆಂಗಸರ ಕೈಯಲ್ಲಿ ಕಾಳು ಕಾಳಾಗಿ ಆರಿಸಲ್ಪಟ್ಟು ಹಡಗನ್ನೇರುತ್ತಿತ್ತು. ಗಾಡಿಗಳ ಲೆಕ್ಕದೊಡನೆ ಇಳಿದ ತರುಣನೊಬ್ಬನು ತಂದೆಯೊಡನೆ ಮನಸ್ತಾಪವಾಗಿ ಅಲ್ಲಿಯೇ ಒಂದು ಕಾರ್ಖಾನೆಯಲ್ಲಿ ಗುಮಾಸ್ತೆಯಾಗಿ ನಿಂತನೆಂಬುದು ನಮ್ಮ ದಾಯಾದಿಗಳ ಮನೆಯಲ್ಲಿ ಕೇಳಿದ ಮಾತು. ಅಲ್ಲಿನ ಮುದುಕರೊಬ್ಬರು, "ಬೆಲ್ಟಿಗೆ ಪಂಚೆ ಸಿಕ್ಕಿತಂತೆ" ಎಂದು ನನ್ನೊಡನೆ ಹೇಳಿದರು. ಮರುಗಳಿಗೆಯೇ, "ಅಲ್ಲ, ನೆರೆಯಲ್ಲಿ ಹೋದ ಅಂತಲೂ ಹೇಳ್ತಿದ್ರು" ಎಂದರು.

ಪಂಚೆಯ ಮಾತು ಅಸಂಭವವಾದುದೇನಲ್ಲ. ಅಂದಿನ ಕಾರ್ಖಾನೆಗಳಲ್ಲಿ ಯಂತ್ರಕ್ಕೊಂದು ಮೋಟಾರು ಇರುತ್ತಿರಲಿಲ್ಲ. ಒಂದೇ ಉಗಿಯಂತ್ರವು ಸೂರಿನ ಕೆಳಗೆ ಉದ್ದಕ್ಕೂ ಹಾಯ್ದ ಉಕ್ಕಿನ ದಂಡವೊಂದನ್ನು ತಿರುಗಿಸಿ, ಆ ದಂಡದಿಂದ ಇಳಿಬಿದ್ದ ಚರ್ಮದ ಪಟ್ಟಿಗಳು ಕೆಳಗಿನ ಒಂದೊಂದು ಯಂತ್ರವನ್ನೂ ಓಡಿಸುತ್ತಿದ್ದುವು. ಒಂದು ಯಂತ್ರದ ಬಳಿ ಸಿಕ್ಕಿಬಿದ್ದವನಿಗಾಗಿ ದಂಡವೆಲ್ಲ ಒಮ್ಮೆಲೇ ನಿಲ್ಲುವಂತಿರಲಿಲ್ಲ. ಅಪಾಯಕರ ಯಂತ್ರಗಳಿಗೆ ಬೇಲಿ ಹಾಕಬೇಕೆಂದು 1881ರ ಫ್ಯಾಕ್ಟರಿ ಕಾಯಿದೆಯೇ ವಿಧಿಸಿತ್ತು. ಆದರೆ ಆ ಕಾಯಿದೆ ಅನ್ವಯಿಸಲು 100 ಜನ ಕೆಲಸಗಾರರಿರಬೇಕಿತ್ತು, 1891ರಲ್ಲಿ ಅದು 50ಕ್ಕೂ 1922ರಲ್ಲಿ 20ಕ್ಕೂ ಇಳಿಯಿತು.

ಮುತ್ತಜ್ಜನ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದದ್ದು ಅಟ್ಟದ ಮೇಲಿನ ಪೆಟ್ಟಿಗೆಯಿಂದ. ರುಧಿರೋದ್ಗಾರಿ ಸಂವತ್ಸರದ ಮಾಘಮಾಸದಲ್ಲಿ, ಎಂದರೆ 1924ರ ಆರಂಭದಲ್ಲಿ, "ಮಂಗಳೂರಿಗೆ ಹೋಗಿಬಂದ ಬಾಬ್ತು" ಎಂಬ ಒಂದು ತಲೆಬರಹವುಂಟು. ಉಪ್ಪು ಕೊಂಡರೂ ಯಾರಿಗೆ, ಏತಕ್ಕೆಂದು ಬರೆದಿಡುತ್ತಿದ್ದ ಆ ಮಹಾಶಯರು ಈ ಹದಿನಾರು ದಿನಗಳ ಪ್ರಯಾಣಕ್ಕೆ ಉದ್ದೇಶವನ್ನು ಬರೆದಿಲ್ಲ. ನೇತ್ರಾವತಿಯ ಮಹಾಪೂರ ಬಂದದ್ದು 1923ರ ಮಳೆಗಾಲದಲ್ಲಿ. ಮಗನನ್ನು ನೆರೆ ಕೊಂಡೊಯ್ದಿದ್ದರೆ ತಂದೆಯು ಆರು ತಿಂಗಳು ತಡೆದು ಹೊರಡುತ್ತಿರಲಿಲ್ಲ. ಮಾಘವೋ ಕ್ಯೂರಿಂಗ್ ಕೆಲಸ ಹಗಲಿರುಳು ಭರದಿಂದ ಸಾಗುವ ಕಾಲ.

ಕೆಲಸದಲ್ಲಿ ಸತ್ತವನ ವಾರಸುದಾರರಿಗೆ ಸಲ್ಲಬೇಕಾದ ಹಣವನ್ನು ಕಮೀಷನರನಲ್ಲಿ ಠೇವಣಿಯಿಡಬೇಕೆಂದು ವಿಧಿಸಿದ 1923ರ ಕಾರ್ಮಿಕರ ಪರಿಹಾರ ಕಾಯಿದೆ ಜಾರಿಗೆ ಬಂದದ್ದು 1924ರ ಜುಲೈ 1ರಂದು. ಅಂಥ ಕಡತವೊಂದಿದ್ದರೆ ಅದರಲ್ಲಿ ತಂದೆಯ ಹೆಸರೂ ಊರಿನ ಹೆಸರೂ ಸಿಕ್ಕುತ್ತಿದ್ದುವು. ಐದು ತಿಂಗಳ ಅಂತರದಲ್ಲಿ ನಮ್ಮ ದೊಡ್ಡಜ್ಜ ಕಡತವಿಲ್ಲದ ಕಾಲದಲ್ಲಿ ಉಳಿದುಬಿಟ್ಟನು. ಸಾಲದುದಕ್ಕೆ ಚಾರ್ಮಾಡಿಯ ಮೇಲೆ ಮೈಸೂರು ಮಹಾರಾಜರ ರಾಜ್ಯ, ಕೆಳಗೆ ಮದರಾಸು ಆಧಿಪತ್ಯ. ಸಾವು ದಾಖಲಾಗುವುದು ಸತ್ತ ಊರಿನಲ್ಲಿಯೇ ಹೊರತು ಹುಟ್ಟಿದ ಊರಿನಲ್ಲಲ್ಲ. 1956ರಲ್ಲಿ ದಕ್ಷಿಣ ಕನ್ನಡವು ನಮ್ಮೊಡನೆ ಸೇರಿತಾದರೂ ಹಳೆಯ ಕಾಗದಗಳು ಜನರಷ್ಟು ಸುಲಭವಾಗಿ ಘಟ್ಟ ಹತ್ತಲಿಲ್ಲ.

ಇನ್ನು ಧರ್ಮಶಾಸ್ತ್ರದ ಸಾಕ್ಷ್ಯ. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದೆಂದು ಅಂದು ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯಿದೆ ಹೇಳುತ್ತಿದ್ದರೆ, ಶಾಸ್ತ್ರವು ಹನ್ನೆರಡು ವರ್ಷ ಕಾಯುತ್ತದೆ; ಅನಂತರ ಮುತ್ತುಗದ ಎಲೆಯ 360 ತೊಟ್ಟುಗಳಿಂದ, ತಲೆಗೆ 40, ಕುತ್ತಿಗೆಗೆ 10 ಎಂಬಂತೆ ಎಣಿಸಿ, ಮನುಷ್ಯಾಕೃತಿಯನ್ನು ರಚಿಸಿ ದಹನ ಮಾಡುವ ಪಾಲಾಶವಿಧಿಯುಂಟು. ಹನ್ನೆರಡು ವರ್ಷ ತುಂಬಿದಾಗ ಪುರೋಹಿತರು ಈ ಮಾತೆತ್ತಿದರೆಂದೂ, ಮುತ್ತಜ್ಜಿಯು "ನನ್ನ ಮಗ ಬರ್ತಾನೆ" ಎಂದು ಹಠ ಹಿಡಿದು ಅದನ್ನು ತಡೆದರೆಂದೂ, ಮುತ್ತಜ್ಜ ಆಕೆಯ ಮಾತಿಗೆ ತಲೆದೂಗಿದರೆಂದೂ ಅಜ್ಜ ಹೇಳುತ್ತಿದ್ದರು. ಆಚಾರದಲ್ಲಿ ಕೂದಲೆಳೆಯಷ್ಟೂ ಸಡಿಲ ಬಿಡದ ಆ ಮನುಷ್ಯ ಹೆಂಡತಿಯ ಹಠಕ್ಕೆ ಮಣಿದುದು ಅದೊಂದೇ ಸಾರಿಯಂತೆ. ಆಕೆ ತೀರಿಕೊಂಡು ವರ್ಷಾಂತಿಕವೂ ಮುಗಿದ ಮೇಲೆ, ಆ ವರ್ಷದ ಪಿತೃಪಕ್ಷದಲ್ಲಿ ಕಿರಿಯ ಮಗನನ್ನು ಕರೆದು, ಅಣ್ಣನಿಗೆ ಚತುರ್ದಶಿಯಂದು ಏಕೋದ್ದಿಷ್ಟ ಮಾಡೆಂದರು. ಪಾಲಾಶವಿಧಿಯ ಮಾತು ಆಗಲೂ ಬರಲಿಲ್ಲ; ಒಮ್ಮೆ ದಹನವಾದವನಿಗೆ ಮತ್ತೆ ಆ ವಿಧಿಯಿಲ್ಲವಷ್ಟೆ.

ಲೆಕ್ಕದ ಪುಸ್ತಕದ ಆ ಪುಟವನ್ನು ಎಷ್ಟು ಸಲ ನೋಡಿದ್ದೇನೋ. ಗಾಡಿ ಬಾಡಿಗೆ, ಕಡವಿನ ಹಣ, ಛತ್ರದಲ್ಲಿ ಅಕ್ಕಿ ಬೇಳೆ, ಮರಳುವಾಗ ಎತ್ತಿಗೆ ಹುಲ್ಲು. ನಡುವೆ ಒಂದು ಸಾಲು, ಉಳಿದವುಗಳಷ್ಟೇ ಸ್ಪಷ್ಟವಾದ ಅಕ್ಷರದಲ್ಲಿ. ಮನೆಯ ಹಿಂದೆಯೇ ಕಾಡಿದ್ದುದರಿಂದ ಜೀವಮಾನದಲ್ಲಿ ಒಮ್ಮೆಯೂ ಸೌದೆಗೆ ಕಾಸು ಕೊಟ್ಟವರಲ್ಲ ನಮ್ಮ ಮುತ್ತಜ್ಜ. ಅಲ್ಲಿ ಬರೆದಿದ್ದಾರೆ: ಸೌದೆ, 2 ರೂಪಾಯಿ 8 ಆಣೆ.